ಅಣ್ಣನ ಮಾತ್ರೆಗೆ ನಾನು ಹೇಳಿದ ಅನುಪಾನ

ಗಂಡಸರು ಹಸಿರು ಟೀ ಕುಡಿದರೆ ಒಳ್ಳೆಯದು ಎಂದು ಈಗ ಎಲ್ಲರೂ ಹೇಳುತ್ತಾರೆ. ಹೊಟ್ಟೆ ಕರಗುತ್ತದೆ, ಎದೆಗೆ ಒಳ್ಳೆಯದು, ಮೈ ಹಗುರವಾಗುತ್ತದೆ, ಬುದ್ಧಿ ಚುರುಕಾಗುತ್ತದೆ ಎನ್ನುತ್ತಾರೆ. ಅದು ಸುಳ್ಳೆಂದು ನಾನು ಹೇಳಲಾರೆ. ನಮ್ಮ ಕಡೆ ಅದರ ಹೆಸರೇ ಯಾರಿಗೂ ಗೊತ್ತಿಲ್ಲದ ಎಪ್ಪತ್ತರ ದಶಕದಲ್ಲೇ ನಾನು ಅದನ್ನು ಕುಡಿದವನು. ನನಗೆ ಅದರಿಂದ ಒಳ್ಳೆಯದೇ ಆಯಿತು. ನನ್ನ ಅಣ್ಣನಿಗೂ ಕುಡಿಸಿದೆ. ಅಣ್ಣ ಉಳಿಯಲಿಲ್ಲ. ನಡುವೆ ನಡೆದದ್ದನ್ನು ಬರೆಯುತ್ತಿದ್ದೇನೆ. ಬರೆದರೆ ಏನಾದರೂ ಸರಿಹೋಗುತ್ತದೆ ಎಂಬ ಆಸೆಯಿಂದಲ್ಲ.

ನಮ್ಮ ಊರು ಮುಳಬಾಗಿಲು ತಾಲ್ಲೂಕಿನಲ್ಲಿ, ಬೈರಕೂರಿನ ಪಕ್ಕ. ಅಪ್ಪ ಬೇಗ ಹೋದ. ಅಣ್ಣ ನನಗಿಂತ ಬಹಳ ದೊಡ್ಡವನು. ಶಾಲೆ ಬಿಟ್ಟು ನೇಗಿಲು ಹಿಡಿದು ನನ್ನನ್ನು ಓದಿಸಿದ. ಅತ್ತಿಗೆ ಆ ಮನೆಗೆ ಬಂದಾಗ ನಾನಿನ್ನೂ ಚಡ್ಡಿ ಹಾಕುತ್ತಿದ್ದೆ. ಅವರಿಗೆ ಮಕ್ಕಳಾಗಲಿಲ್ಲ. ಆ ಪ್ರೀತಿಯೂ ನನ್ನ ಪಾಲಿಗೇ ಬಂತು. ನಾನು ಎಸ್‌ಎಸ್‌ಎಲ್‌ಸಿ ಪಾಸಾದ ದಿನ ಅಣ್ಣ ಊರಿಗೆಲ್ಲ ಬೆಲ್ಲ ಹಂಚಿದ. ಅವತ್ತಿನಿಂದ ನಮ್ಮ ಮನೆಯಲ್ಲಿ ಯಾವ ವಿಷಯಕ್ಕಾದರೂ ಕೊನೆಯ ಮಾತು ನನ್ನದಾಯಿತು. ಬೀಜ ಯಾವುದು, ಗೊಬ್ಬರ ಎಷ್ಟು, ಜ್ವರಕ್ಕೆ ಏನು, ಎಲ್ಲದಕ್ಕೂ "ಅವನನ್ನ ಕೇಳಾಣ, ಓದ್ದೋನು" ಎನ್ನುತ್ತಿದ್ದ ಅಣ್ಣ. ಹೈಸ್ಕೂಲು ಓದಿದವನಿಗೆ ಅಷ್ಟು ಗೌರವ ಸಿಗಬಾರದು. ಸಿಕ್ಕಿತು, ನಾನೂ ತೆಗೆದುಕೊಂಡೆ.

ಮಾಲೂರಿನ ಒಂದು ಹೆಂಚಿನ ಕಾರ್ಖಾನೆಯಲ್ಲಿ ನನಗೆ ರೈಟರ್ ಕೆಲಸ ಸಿಕ್ಕಿತು. ಕೂತು ಲೆಕ್ಕ ಬರೆಯುವ ಕೆಲಸ. ಬೆಳಗಿನಿಂದ ಸಂಜೆವರೆಗೆ ಎದುರಿನ ಹೋಟೆಲಿನಿಂದ ಹಾಲು ಸಕ್ಕರೆ ಸುರಿದ ಟೀ ಬರುತ್ತಿತ್ತು, ಜೊತೆಗೆ ಬೋಂಡ. ಮೂವತ್ತು ದಾಟುವುದರೊಳಗೆ ಹೊಟ್ಟೆ ಮುಂದಕ್ಕೆ ಬಂತು. ರೈಲ್ವೆ ಸ್ಟೇಷನ್ನಿನ ಮೆಟ್ಟಿಲು ಹತ್ತಿದರೆ ಏದುಸಿರು. ಮಧ್ಯಾಹ್ನವಾದರೆ ಹುಳಿತೇಗು, ತಲೆನೋವು.

ಕಾರ್ಖಾನೆಯ ವಾಚ್‌ಮನ್ ಮಿಲಿಟರಿಯಿಂದ ನಿವೃತ್ತರಾಗಿ ಬಂದವರು. ಕಾಶ್ಮೀರದ ಕಡೆ ಬಹಳ ವರ್ಷ ಇದ್ದವರು. ನನ್ನ ಅಪ್ಪನ ವಯಸ್ಸು, ಆದರೆ ಬೆನ್ನು ಕೋಲಿನ ಹಾಗೆ ನೆಟ್ಟಗಿತ್ತು. ಅವರು ಗೇಟಿನ ಪಕ್ಕ ಒಂದು ಸೀಮೆಎಣ್ಣೆ ಸ್ಟವ್ ಇಟ್ಟುಕೊಂಡು ತಮಗೆ ಬೇಕಾದ ಟೀ ತಾವೇ ಮಾಡಿಕೊಳ್ಳುತ್ತಿದ್ದರು. ಕುದಿಸುತ್ತಿರಲಿಲ್ಲ. ನೀರು ಬಿಸಿಯಾದ ಮೇಲೆ ಇಳಿಸಿ, ಒಂದು ಚಿಟಿಕೆ ಹಸಿರೆಲೆ ಉದುರಿಸಿ, ಮುಚ್ಚಿ, ಸುಮ್ಮನೆ ಕೂರುತ್ತಿದ್ದರು.

"ಏನ್ ಯಜಮಾನ್ರೇ ಇದು? ಹಾಲಿಲ್ಲ, ಸಕ್ಕರೆ ಇಲ್ಲ, ಬಣ್ಣಾನೂ ಇಲ್ಲ" ಎಂದು ಒಂದು ದಿನ ಕೇಳಿದೆ.

"ಇದು ಟೀ ಕಣಯ್ಯಾ. ನೀನು ಕುಡಿಯೋದು ಪಾಯಸ" ಎಂದರು.

ಆಮೇಲೆ ಒಂದು ಲೋಟ ಕೊಟ್ಟು ಅದರ ಗುಣ ಹೇಳಿದರು. ಗಂಡಸಿಗೆ ನಲವತ್ತಾಗುವ ಮುಂಚೆ ಇದು ರೂಢಿಯಾಗಬೇಕು, ಹೊಟ್ಟೆ ಬರುವುದಿಲ್ಲ, ಎದೆ ಭಾರವಾಗುವುದಿಲ್ಲ, ಬೆಟ್ಟ ಹತ್ತಿದರೂ ದಮ್ಮು ಕಟ್ಟುವುದಿಲ್ಲ. ಚಳಿಗಾಲದಲ್ಲಿ ಬೆಂಗಳೂರಿಗೆ ಶಾಲು ಮಾರಲು ಬರುವ ಕಾಶ್ಮೀರಿಗಳಿಂದ ಅವರು ವರ್ಷಕ್ಕಾಗುವಷ್ಟು ಎಲೆ ತರಿಸಿಕೊಳ್ಳುತ್ತಿದ್ದರು. ಮೊದಲ ದಿನ ನನಗೆ ಅದು ಹುಲ್ಲು ನೆನೆಸಿದ ನೀರಿನಂತಿತ್ತು. ಒಗರು ನಾಲಿಗೆಗೆ ಅಂಟಿಕೊಂಡಿತು. ಆದರೂ ಬಿಡಲಿಲ್ಲ.

ಕೆಲವು ತಿಂಗಳಲ್ಲಿ ನನ್ನ ಪ್ಯಾಂಟು ಸಡಿಲವಾಯಿತು. ಹುಳಿತೇಗು ನಿಂತಿತು, ಮಧ್ಯಾಹ್ನದ ತೂಕಡಿಕೆ ಹೋಯಿತು. ಸ್ಟೇಷನ್ ಮೆಟ್ಟಿಲನ್ನು ಹುಡುಗರ ಸಮಕ್ಕೆ ಹತ್ತಿದೆ. ಸಕ್ಕರೆ ಟೀ ಬಿಟ್ಟಿದ್ದು, ಬೋಂಡ ಬಿಟ್ಟಿದ್ದು, ಸಂಜೆ ಆ ವಾಚ್‌ಮನ್ ಜೊತೆ ಕೆರೆ ಏರಿಯವರೆಗೆ ನಡೆಯತೊಡಗಿದ್ದು, ಇವುಗಳಿಗೂ ಅದರಲ್ಲಿ ಪಾಲಿತ್ತು. ನಾನು ಆ ಪಾಲನ್ನು ಕೊಡಲಿಲ್ಲ. ಎಲ್ಲ ಕೀರ್ತಿಯನ್ನೂ ಎಲೆಗೇ ಕೊಟ್ಟೆ. ಎಲೆಯನ್ನು ಕಂಡುಹಿಡಿದವನು ನಾನೇ ಎಂಬಂತೆ ಅದರಲ್ಲಿ ಅರ್ಧ ನನಗೂ ಇಟ್ಟುಕೊಂಡೆ.

ಶನಿವಾರ ಸಂಜೆ ಊರಿಗೆ ಹೋಗುವಾಗ ಒಂದು ಡಬ್ಬಿಯಲ್ಲಿ ಎಲೆ ತೆಗೆದುಕೊಂಡು ಹೋಗತೊಡಗಿದೆ. ಭಾನುವಾರ ಬೆಳಿಗ್ಗೆ ನಮ್ಮ ಮನೆಯ ಜಗಲಿಯ ಮೇಲೆ ಅಣ್ಣನ ಗೆಳೆಯರೆಲ್ಲ ಸೇರುತ್ತಿದ್ದರು. ನಮ್ಮದು ಆಂಧ್ರದ ಗಡಿ, ಒಂದೇ ಮಾತಿನಲ್ಲಿ ಅರ್ಧ ಕನ್ನಡ, ಅರ್ಧ ತೆಲುಗು. ಮೊದಲ ದಿನ ಲೋಟದಲ್ಲಿ ಬಗ್ಗಿ ನೋಡಿದ ಮುದುಕರೊಬ್ಬರು, "ಏಮಿರಾ ಇದಿ, ದೂಡ ಉಚ್ಚ ಪೋಸಿನಟ್ಟುಂದಿ" ಎಂದರು. ಕರು ಉಚ್ಚೆ ಹೊಯ್ದ ಹಾಗಿದೆ ಎಂದು. ಜಗಲಿಯೆಲ್ಲ ನಕ್ಕಿತು.

"ನಗಬ್ಯಾಡಿ ಕಣ್ರೋ, ಓದ್ದೋನು ತಂದವ್ನೆ" ಎಂದ ಅಣ್ಣ, ಒಂದೇ ಗುಟುಕಿಗೆ ಲೋಟ ಬರಿದು ಮಾಡಿ.

"ಇದ್ರಿಂದ ಏನಾಯ್ತದೆ?" ಎಂದು ಒಬ್ಬ ಕೇಳಿದ.

"ಗಂಡಸರಿಗೆ ಶಕ್ತಿ ಬರ್ತದೆ" ಎಂದೆ.

"ಶಕ್ತಿ ಐತೆ ಬಿಡು. ಹೆಂಡ್ತಿ ಬೈಯೋದು ಕೇಳಿಸ್ದಂಗೆ ಮಾಡೋ ಸೊಪ್ಪಿದ್ರೆ ಹೇಳು, ಒಂದ್ ಮೂಟೆ ತಗೋತೀನಿ."

ಬಾಗಿಲಲ್ಲಿ ನಿಂತಿದ್ದ ಅತ್ತಿಗೆ, "ನಂಗೂ ಒಂದ್ ಗುಟುಕು ಕೊಡಪ್ಪಾ, ನೋಡಾಣ" ಎಂದರು.

"ಇದು ಗಂಡಸ್ರು ಕುಡಿಯೋದು ಅತ್ಗೆ."

"ಹಂಗಾರೆ ಲೋಟ ತೊಳ್ಯೋದು ಮಾತ್ರ ಹೆಂಗಸ್ರಾ?" ಎಂದು ಲೋಟಗಳನ್ನು ಎತ್ತಿಕೊಂಡು ಒಳಗೆ ಹೋದರು. ಆಗ ಅವರು ಹೀಗೆಲ್ಲ ತಮಾಷೆ ಮಾಡುತ್ತಿದ್ದರು.

ಅಣ್ಣ ಬಲವಾದ ಆಳು. ಮಳೆ ಬಿದ್ದು ಮೆತ್ತಗಾದ ಹಿಪ್ಪುನೇರಳೆ ತೋಟದಿಂದ ಸೊಪ್ಪಿನ ದೊಡ್ಡ ಹೊರೆಯನ್ನು ಒಬ್ಬನೇ ತಲೆಗೇರಿಸಿಕೊಂಡು ಬರುತ್ತಿದ್ದ. ರೇಷ್ಮೆ ಹುಳುವಿಗೆ ಹಾಕುವ ಸೊಪ್ಪಿನ ತೋಟಕ್ಕೆ ನಮ್ಮವರು ಮೆಟ್ಟು ಹಾಕಿಕೊಂಡು ಹೋಗುತ್ತಿರಲಿಲ್ಲ. ಹುಳು ಮಡಿ, ಸೊಪ್ಪು ಮಡಿ ಎಂಬ ನಂಬಿಕೆ. ಕಕ್ಕಸು ಇಲ್ಲದ ಊರು, ಜನ ಬೆಳಿಗ್ಗೆ ಚೊಂಬು ಹಿಡಿದು ಹೋಗುತ್ತಿದ್ದುದೂ ಆ ತೋಟಗಳ ಅಂಚಿಗೇ. ಆ ಮಣ್ಣಿನಿಂದ ಬರಿಗಾಲಿನ ಮೂಲಕ ಮೈಗೆ ಬೇರೊಂದು ಹುಳು ಸೇರುತ್ತದೆ ಎಂದು ಯಾರಿಗೆ ಗೊತ್ತಿತ್ತು.

ಒಂದು ದೀಪಾವಳಿಯ ನಂತರ ಅಣ್ಣ ಹೊರೆ ಹೊತ್ತು ಬರುವಾಗ ನಡುವೆ ನಿಲ್ಲತೊಡಗಿದ. ಕೇಳಿದರೆ, "ಏನಿಲ್ಲ, ಸ್ವಲ್ಪ ಉಸ್ರು" ಎನ್ನುತ್ತಿದ್ದ. ಅಂಗೈ ಸುಣ್ಣ ಬಳಿದ ಹಾಗೆ ಬೆಳ್ಳಗಾಯಿತು. ಒಂದು ಸಲ ನಾನು ಹಿತ್ತಿಲಿಗೆ ಹೋದಾಗ ಅವನು ಗೋಡೆಯ ಮಣ್ಣು ಕೆರೆದು ಬಾಯಿಗೆ ಹಾಕಿಕೊಳ್ಳುತ್ತಿದ್ದ. ನನ್ನನ್ನು ಕಂಡು ಮಗುವಿನಂತೆ ಕೈ ಹಿಂದೆ ಮಾಡಿಕೊಂಡ. ನನ್ನನ್ನು ಹೆಗಲ ಮೇಲೆ ಹೊತ್ತು ಸಾಕಿದವನು ನನ್ನೆದುರು ಹಾಗೆ ಮಾಡಿದ್ದು ನೋಡಿ ನಾನು ಕಣ್ಣು ತಪ್ಪಿಸಿದೆ.

ಮುಳಬಾಗಿಲಿನಲ್ಲಿ ಒಬ್ಬ ಡಾಕ್ಟರಿಗೆ ತೋರಿಸಿದೆವು. ಅವರು ಕಣ್ಣಿನ ರೆಪ್ಪೆ ಎಳೆದು ನೋಡಿದರು, ಉಗುರು ನೋಡಿದರು. "ಮೈಯಲ್ಲಿ ರಕ್ತವೇ ಇಲ್ಲ. ಕೊಕ್ಕೆ ಹುಳು ಕುಡೀತಾ ಇದೆ. ಹುಳುವಿಗೆ ಒಂದು ಮಾತ್ರೆ ಕೊಡ್ತೀನಿ. ರಕ್ತಕ್ಕೆ ಕಬ್ಬಿಣದ ಮಾತ್ರೆ, ಇದನ್ನ ತಿಂಗಳುಗಟ್ಟಲೆ ತಗೋಬೇಕು. ಚಪ್ಪಲಿ ಹಾಕು. ಸೊಪ್ಪು, ಮಾಂಸ, ಲಿವರ್ ತಿನ್ನು. ಊಟಕ್ಕೆ ನಿಂಬೆಹಣ್ಣು ಹಿಂಡ್ಕೊ" ಎಂದರು. ನಾನು ಪಕ್ಕದಲ್ಲೇ ನಿಂತು ಕೇಳಿಸಿಕೊಂಡೆ. ಪ್ರತಿಯೊಂದು ಮಾತೂ ಕೇಳಿಸಿಕೊಂಡೆ.

ಹುಳುವಿನ ಮಾತ್ರೆ ಅಣ್ಣ ನುಂಗಿದ. ಆದರೆ ತೋಟಕ್ಕೆ ಚಪ್ಪಲಿ ಹಾಕಲು ಒಪ್ಪಲಿಲ್ಲ. ಕಬ್ಬಿಣದ ಮಾತ್ರೆ ನುಂಗಿದರೆ ಹೊಟ್ಟೆಯಲ್ಲಿ ಉರಿ, ವಾಕರಿಕೆ. ಎರಡು ದಿನ ತೆಗೆದುಕೊಂಡು, "ಇದು ನಂಗಾಗಲ್ಲ ಕಣ್ಲಾ" ಎಂದ.

ನಮ್ಮ ಕಡೆ ನಾಟಿ ಔಷಧಿ ಕೊಡುವವರು ಯಾವ ಗುಳಿಗೆಯನ್ನೂ ಬರಿ ನೀರಿನಲ್ಲಿ ನುಂಗಿಸುವುದಿಲ್ಲ. ಜೇನಿನಲ್ಲಿ, ತುಪ್ಪದಲ್ಲಿ, ಇಲ್ಲವೇ ಯಾವುದೋ ಸೊಪ್ಪಿನ ಕಷಾಯದಲ್ಲಿ ಕೊಡುತ್ತಾರೆ. ಅದಕ್ಕೆ ಅನುಪಾನ ಎನ್ನುತ್ತಾರೆ. ಅನುಪಾನ ಸರಿಯಿದ್ದರೆ ಗುಳಿಗೆ ಮೈಗೆ ಹತ್ತುತ್ತದೆ ಎಂದು ಹೇಳುತ್ತಾರೆ. ಅದರ ಜೊತೆಗೆ ಪಥ್ಯ: ಔಷಧಿ ಮುಗಿಯುವವರೆಗೆ ಹುಳಿ ಮುಟ್ಟಬಾರದು, ಮಾಂಸ ಮುಟ್ಟಬಾರದು. ಅಮ್ಮ ಅದನ್ನೇ ಹೇಳಿದಳು. "ಔಷ್ದಿ ಅಂದ್ಮ್ಯಾಲೆ ಪತ್ಯ ಬ್ಯಾಡ್ವಾ? ಅನುಪಾನ ಇಲ್ದೆ ನುಂಗುದ್ರೆ ಉರಿ ಬರ್ದೆ ಇನ್ನೇನ್ ಬತ್ತದೆ?"

ಎಲ್ಲರೂ ನನ್ನ ಮುಖ ನೋಡಿದರು. ಡಾಕ್ಟರು ಲಿವರ್ ಎಂದರಲ್ಲ, ನಿಂಬೆಹಣ್ಣು ಎಂದರಲ್ಲ ಎಂದು ನಾನು ಹೇಳಬಹುದಿತ್ತು. ಆದರೆ ನನ್ನ ಮೈಯಲ್ಲಿ ಆಗ ಆ ಎಲೆಯ ಗೆಲುವು ಏರಿಕೊಂಡಿತ್ತು. "ಅಮ್ಮ ಹೇಳೋದು ಸರಿ. ಮಾತ್ರೆನ ಈ ಟೀ ಜೊತೆ ತಗೋ. ಊಟ ಆದ ತಕ್ಷಣ, ಗಟ್ಟಿಯಾಗಿ ಮಾಡ್ಕೊಂಡು. ಇದೂ ಸೊಪ್ಪಿನ ಕಷಾಯಾನೇ. ಮಾತ್ರೆ ಗುಣ ಇದು ಎಳ್ಕೊಂಡು ಹೋಗಿ ಮೈಗೆ ಸೇರಿಸ್ತದೆ. ಹುಳಿ ಬೇಡ, ಮಾಂಸ ಬೇಡ" ಎಂದೆ.

ಡಾಕ್ಟರ ಮಾತಿಗೆ ಅಮ್ಮನ ಮಾತನ್ನು ಸೇರಿಸಿ, ಅದಕ್ಕೆ ನನ್ನ ಟೀ ಸೇರಿಸಿ ಮೂರನ್ನೂ ಒಂದು ಮಾಡಿದೆನೆಂದು ಹೆಮ್ಮೆಪಟ್ಟೆ.

ಟೀ ಜೊತೆ ತೆಗೆದುಕೊಂಡಾಗ ಅಣ್ಣನಿಗೆ ಉರಿ ಬರಲಿಲ್ಲ. ಅದನ್ನೇ ಗುಣ ಎಂದುಕೊಂಡೆವು. ಮಲ ಕಪ್ಪಾಗಿ ಹೋಗತೊಡಗಿದಾಗ ಒಳಗಿನ ಕೆಟ್ಟದ್ದೆಲ್ಲ ಹೊರಗೆ ಬರುತ್ತಿದೆ ಎಂದು ಅಮ್ಮ ದೇವರಿಗೆ ದೀಪ ಹಚ್ಚಿದಳು. ಹೊರಗೆ ಹೋಗುತ್ತಿದ್ದದ್ದು ಮಾತ್ರೆ. ಪ್ರತಿ ಶನಿವಾರ ನಾನು ಎಲೆಯ ಡಬ್ಬಿ ಹಿಡಿದು ಮಾಲೂರಿನಿಂದ ಕೋಲಾರ, ಕೋಲಾರದಿಂದ ಮುಳಬಾಗಿಲು, ಅಲ್ಲಿಂದ ಊರಿನ ಬಸ್ಸು ಹತ್ತಿ ಬರುತ್ತಿದ್ದೆ. ಅಣ್ಣ ಹಾಗೆಯೇ ಇದ್ದ. ಬೆಳಗ್ಗೆ ಎದ್ದು ಜಗಲಿಗೆ ಬರುವುದರೊಳಗೆ ಬಾಗಿಲ ಚೌಕಟ್ಟು ಹಿಡಿದು ನಿಲ್ಲುತ್ತಿದ್ದ.

"ಇನ್ನೂ ಸ್ವಲ್ಪ ಗಟ್ಟಿ ಮಾಡ್ಕೊ ಅಣ್ಣ" ಎನ್ನುತ್ತಿದ್ದೆ.

"ಆಯ್ತು ಕಣಪ್ಪಾ" ಎನ್ನುತ್ತಿದ್ದ. ಯಾವತ್ತೂ ಎದುರು ಮಾತಾಡಲಿಲ್ಲ.

ಮಳೆಗಾಲಕ್ಕೆ ಮುಂಚೆ ಹೆಂಚಿಗೆ ಗಿರಾಕಿ ಹೆಚ್ಚು. ಕಾರ್ಖಾನೆಯಲ್ಲಿ ಭಾನುವಾರವೂ ಬಿಡದೆ ಕೆಲಸವಿತ್ತು. ಒಂದು ತಿಂಗಳಿಗೂ ಹೆಚ್ಚು ಕಾಲ ನಾನು ಊರಿಗೆ ಹೋಗಲಾಗಲಿಲ್ಲ. ಹೋದ ದಿನ ಬಸ್ಸಿಳಿದು ಬರುವಾಗ ದೂರದಿಂದಲೇ ಅಣ್ಣ ಕಾಣಿಸಿದ. ಹಿತ್ತಿಲಿನಲ್ಲಿ ಕೂತು ಸೌದೆ ಸೀಳುತ್ತಿದ್ದ. ತುಟಿಗೆ ಸ್ವಲ್ಪ ಬಣ್ಣ ಬಂದಿತ್ತು. "ಏನ್ಲಾ, ಹೆಂಚು ಬೇಯಿಸಿ ನೀನೇ ಬೆಂದ್ ಹೋಗಿದ್ದೀಯ" ಎಂದು ನಕ್ಕ. ಅಣ್ಣ ತಮಾಷೆ ಮಾಡಿ ಎಷ್ಟೋ ದಿನವಾಗಿತ್ತು. ನನ್ನ ಎದೆ ತುಂಬಿ ಬಂತು. ನನ್ನ ಟೀ ಕೆಲಸ ಮಾಡಿತು ಎಂದುಕೊಂಡೆ.

ಒಳಗೆ ಹೋಗಿ ನೋಡಿದರೆ ಎಲೆಯ ಡಬ್ಬಿ ಖಾಲಿ. ಎಷ್ಟೋ ದಿನದ ಹಿಂದೆ ಮುಗಿದು, ಅದರಲ್ಲಿ ಅತ್ತಿಗೆ ಸಾಸಿವೆ ಹಾಕಿಟ್ಟಿದ್ದರು. ಒಲೆಯ ಮೇಲೆ ಮೇಕೆಯ ಲಿವರ್ ಹುರಿಯುತ್ತಿತ್ತು, ನಮ್ಮ ಕಡೆ ಅದನ್ನು ಕಾರ್ಜ ಎನ್ನುತ್ತಾರೆ. ಪಕ್ಕದಲ್ಲಿ ನಿಂಬೆಹಣ್ಣಿನ ಹೋಳು.

"ಇದೇನು ಅತ್ಗೆ?"

ಅವರು ಗಾಬರಿಯಾಗಿ ಸೆರಗಿನಿಂದ ಕೈ ಒರೆಸಿಕೊಂಡರು. "ಟೀ ಸೊಪ್ಪು ಮುಗಿದ್ ಹೋಯ್ತಪ್ಪಾ. ನೀನು ಬರ್ಲಿಲ್ಲ, ಮಾತ್ರೆ ಊಟದ್ ಮ್ಯಾಲೆ ಬರೀ ನೀರಲ್ಲೇ ನುಂಗುದ್ರು. ಡಾಕ್ಟ್ರು ಕಾರ್ಜ ತಿನ್ನು ಅಂದಿದ್ರಂತಲ್ಲ, ನಿಮ್ಮಣ್ಣನೇ ಹೇಳುದ್ರು. ತಿಂದ ಮ್ಯಾಲೆ ಸ್ವಲ್ಪ ಗೆಲುವಾಗವ್ರೆ, ನೀನೇ ನೋಡ್ದಲ್ಲ."

"ಗೆಲುವಾಗಿರೋದು ಇಷ್ಟು ತಿಂಗ್ಳು ಕುಡಿದ ಟೀಯಿಂದ. ಪಥ್ಯ ಕೆಡಿಸಿ ಅದನ್ನ ಹಾಳು ಮಾಡ್ತಿದ್ದೀರಲ್ಲ."

ಅಮ್ಮ ನಡುಮನೆಯಿಂದ ಬಂದಳು. "ನಾನು ಬ್ಯಾಡ ಅಂದೆ ಕಣಪ್ಪಾ. ನನ್ನ ಮಾತು ಯಾರ್ ಕೇಳ್ತಾರೆ ಈ ಮನೇಲಿ. ನಾಲಿಗೆ ಚಪಲ ಇವ್ಳುದು, ಹೆಸ್ರು ಮಾತ್ರ ಗಂಡಂದು."

ಅತ್ತಿಗೆ ಬಾಣಲೆ ಇಳಿಸಿದರು. ಅಣ್ಣ ಹೊರಗಿನಿಂದ, "ಬಿಡ್ರೋ, ತಿಂದ್ರೆ ಚೆನ್ನಾಗಿರ್ತದೆ ಅಂತ ನಾನೇ ಕೇಳ್ದೆ" ಎಂದ. ನಾನು ಅವನಿಗೂ ಬುದ್ಧಿ ಹೇಳಿದೆ. ಮುಂದಿನ ವಾರ ಬೆಂಗಳೂರಿಗೆ ರೈಲಿನಲ್ಲಿ ಹೋಗಿ, ಆ ವಾಚ್‌ಮನ್ ಹೇಳಿದ ಅಂಗಡಿಯನ್ನು ಹುಡುಕಿ, ಮೊದಲಿಗಿಂತ ದೊಡ್ಡ ಡಬ್ಬಿ ತುಂಬ ಎಲೆ ತಂದೆ. ಮುಗಿಯದಿರಲಿ ಎಂದು.

ಆ ಹುರಿದ ಲಿವರನ್ನು ಅವತ್ತು ನಾಯಿಗೆ ಹಾಕಿಸಿದವನೂ ನಾನೇ.

ಮಳೆ ಹಿಡಿಯಿತು. ಅಣ್ಣ ಮತ್ತೆ ಬಿಳಿಚಿಕೊಂಡ. ಶ್ರಾವಣದ ಹೊತ್ತಿಗೆ ಪಾದ ಊದಿಕೊಂಡವು, ಬೆರಳಿಟ್ಟರೆ ಗುಳಿ ಬೀಳುತ್ತಿತ್ತು. ಮಲಗಿದರೆ ಉಸಿರು ಕಟ್ಟುತ್ತದೆಂದು ಗೋಡೆಗೊರಗಿ ಕೂತೇ ನಿದ್ದೆ ಮಾಡುತ್ತಿದ್ದ. ಆಗಲೂ ಊಟವಾದ ಮೇಲೆ ಮಾತ್ರೆಯನ್ನೂ ಟೀ ಲೋಟವನ್ನೂ ತಾನೇ ಕೇಳಿ ತೆಗೆದುಕೊಳ್ಳುತ್ತಿದ್ದ. ಕೊನೆಗೆ ಟೊಮೇಟೊ ಸಾಗಿಸುವ ವ್ಯಾನಿನಲ್ಲಿ ಹಿಂದೆ ಹಾಸಿಗೆ ಹಾಸಿ ಕೋಲಾರದ ಆಸ್ಪತ್ರೆಗೆ ಕರೆದೊಯ್ದೆವು. ದಾರಿಯುದ್ದಕ್ಕೂ ಅತ್ತಿಗೆ ಅವನ ತಲೆಯನ್ನು ಎದೆಗೊರಗಿಸಿಕೊಂಡಿದ್ದರು.

ಅಲ್ಲಿನ ಡಾಕ್ಟರು ಅಣ್ಣನನ್ನು ನೋಡಿ, ನನ್ನನ್ನು ವರಾಂಡಕ್ಕೆ ಕರೆದರು. ಮಾತ್ರೆ ತಪ್ಪದೆ ತೆಗೆದುಕೊಂಡನೇ ಎಂದು ಕೇಳಿದರು. ಒಂದು ದಿನವೂ ತಪ್ಪಿಸಿಲ್ಲ ಎಂದೆ.

"ಯಾತರ ಜೊತೆ ತಗೊಳ್ತಿದ್ದ?"

ಹೇಳಿದೆ. ಆಗಲೂ ನನ್ನ ದನಿಯಲ್ಲಿ ಸ್ವಲ್ಪ ಹೆಮ್ಮೆ ಇತ್ತೆಂದು ನೆನಪಿದೆ. ಅವರು ಎರಡು ಸಲ ಕೇಳಿದರು. ಊಟದ ಜೊತೆಗಾ? ದಿನಾಲೂನಾ? ಮಾಂಸ, ಹುಳಿ ಏನೂ ಇಲ್ವಾ? ಆಮೇಲೆ ಕೋಪವಿಲ್ಲದೆ, ಬೇಸತ್ತವರ ಹಾಗೆ ಹೇಳಿದರು. ಟೀಯಲ್ಲಿರುವ ಒಗರು ಕಬ್ಬಿಣವನ್ನು ಹಿಡಿದುಕೊಳ್ಳುತ್ತದೆ, ಮೈಗೆ ಸೇರಲು ಬಿಡುವುದಿಲ್ಲ. ಗಟ್ಟಿ ಮಾಡಿದಷ್ಟೂ ಹೆಚ್ಚು. ರಕ್ತವಿರುವವನು ಕುಡಿದರೆ ತೊಂದರೆಯಿಲ್ಲ, ಒಳ್ಳೆಯದೇ ಇರಬಹುದು. ರಕ್ತವಿಲ್ಲದವನು ಊಟದ ಜೊತೆ, ಮಾತ್ರೆಯ ಜೊತೆ ಕುಡಿಯಬಾರದು, ನಡುವೆ ಗಂಟೆಗಟ್ಟಲೆ ಬಿಡುವಿರಬೇಕು. ಮಾಂಸ, ನಿಂಬೆಹುಳಿ ಇದ್ದರೆ ಕಬ್ಬಿಣ ಚೆನ್ನಾಗಿ ಹತ್ತುತ್ತದೆ. "ಅದನ್ನೂ ನಿಲ್ಲಿಸಿದ್ದೀರಿ. ಇಷ್ಟು ತಿಂಗಳು ಮಾತ್ರೆ ನುಂಗಿದ್ದು ಬಹುಪಾಲು ನೀರಿಗೆ ಹಾಕಿದ ಹಾಗೆ. ಅದೊಂದೇ ಕಾರಣ ಅಂತ ನಾನು ಹೇಳಲ್ಲ. ಹುಳು ಮತ್ತೆ ಸೇರಿದೆ. ಆದರೆ ಹೃದಯ ದೊಡ್ಡದಾಗಿ ಹೋಗಿದೆಯಲ್ಲ, ಈಗ ರಕ್ತ ಕೊಟ್ಟರೂ ಅದು ತಡ್ಕೊಳ್ಳುತ್ತೋ ಇಲ್ಲವೋ."

ಅದೊಂದೇ ಕಾರಣವಲ್ಲ ಎಂಬ ಅವರ ಮಾತನ್ನು ನಾನು ಬಹಳ ವರ್ಷ ಹಿಡಿದುಕೊಂಡು ಬದುಕಲು ನೋಡಿದೆ. ಆ ಖಾಲಿ ಡಬ್ಬಿಯ ತಿಂಗಳಲ್ಲಿ ಅಣ್ಣ ಸೌದೆ ಸೀಳುತ್ತಿದ್ದುದನ್ನು ಕಂಡಿಲ್ಲದಿದ್ದರೆ ಬಹುಶಃ ಬದುಕಬಹುದಿತ್ತು.

ರಕ್ತ ಕೊಟ್ಟರು. ನನ್ನದನ್ನೂ ತೆಗೆದುಕೊಂಡರು. ಎರಡನೆಯ ದಿನ ಅಣ್ಣ ನನ್ನ ಕೈ ಹಿಡಿದು, "ಆ ಟೀ ತಂದಿದ್ದೀಯೇನ್ಲಾ" ಎಂದು ಕೇಳಿದ. "ಇಲ್ಲ" ಎಂದೆ. "ಅಯ್ಯೋ, ಮಾತ್ರೆ ಹೆಂಗೆ ಹತ್ತುತ್ತೆ ಮತ್ತೆ" ಎಂದ. ಅದು ಅವನು ನನ್ನೊಡನೆ ಆಡಿದ ಕೊನೆಯ ಮಾತು. ಅವತ್ತೇ ಮಧ್ಯಾಹ್ನ ಹೋದ.

ಹನ್ನೊಂದನೆಯ ದಿನ ತಿಥಿಗೆ ನೆಂಟರೆಲ್ಲ ಸೇರಿದ್ದರು. ಊಟವಾದ ಮೇಲೆ ಗಂಡಸರು ಜಗಲಿಯಲ್ಲಿ, ಹೆಂಗಸರು ನಡುಮನೆಯಲ್ಲಿ. ಇಷ್ಟು ಗಟ್ಟಿ ಆಳು ಹೀಗೆ ಹೇಗೆ ಹೋದ ಎಂಬ ಮಾತು ಬಂತು. ಅಮ್ಮ ಎದೆ ಬಡಿದುಕೊಂಡು ಹೇಳಿದಳು. "ಔಷ್ದಿ ಇತ್ತು, ಅನುಪಾನ ಇತ್ತು, ಎಲ್ಲಾ ಇತ್ತು. ನನ್ನ ಚಿಕ್ಕ ಮಗ ವಾರ ವಾರ ಹೊತ್ಕೊಂಡು ಬಂದ. ಈ ಮಾರಿ ಕಾರ್ಜ ಹುರಿದಾಕಿ ಪತ್ಯ ಕೆಡ್ಸುದ್ಲು. ತಿಂದ್ಕೊಂಡ್ಳು ನನ್ನ ಮಗನ್ನ."

ಯಾರೋ ಲೊಚಗುಟ್ಟಿದರು. "ಅಷ್ಟು ಗೊತ್ತಾಗ್ಲಿಲ್ವಾ ತಾಯಿ ನಿಂಗೆ" ಎಂದು ಹಿರಿಯರೊಬ್ಬರು ಕೇಳಿದರು.

ಅತ್ತಿಗೆ ಬಾಗಿಲಿಗೆ ಬಂದು ನಿಂತರು. ಅವರು ಯಾರನ್ನೂ ನೋಡಲಿಲ್ಲ, ನನ್ನನ್ನು ಮಾತ್ರ ನೋಡಿದರು.

"ನೀನು ಓದ್ದೋನಪ್ಪಾ. ಡಾಕ್ಟ್ರ ಹತ್ರ ನೀನೇ ಮಾತಾಡಿದ್ದು. ನೀನು ಹೇಳು. ಅದ್ರಿಂದಾನೇ ಹೋದ್ರಾ ಅವ್ರು?"

ಆ ವರಾಂಡದಲ್ಲಿ ಕೇಳಿದ್ದೆಲ್ಲ ನನ್ನ ಬಾಯಿಯ ತುದಿಯಲ್ಲಿತ್ತು. ಅಲ್ಲ ಅತ್ಗೆ, ಅವನು ಒಂದು ತಿಂಗಳು ಎದ್ದು ಓಡಾಡಿದ್ದೇ ನೀವು ಕೊಟ್ಟ ಊಟದಿಂದ, ಕೆಡಿಸಿದವನು ನಾನು. ಇಷ್ಟು ಹೇಳಿದರೆ ಸಾಕಿತ್ತು. ಜಗಲಿಯ ಮೇಲೆ ಊರಿನ ಗಂಡಸರೆಲ್ಲ ಕೂತಿದ್ದರು. ನನ್ನ ಟೀ ಕುಡಿದವರೇ ಎಲ್ಲ. ಓದಿದವನು ಅಣ್ಣನನ್ನು ಕೊಂದ ಎಂದು ಅವರು ತಿಳಿಯುವುದು ನನಗೆ ಬೇಡವಾಗಿತ್ತು.

"ಆಗಿದ್ದು ಆಗೋಯ್ತು ಅತ್ಗೆ. ಈಗ ಅದನ್ನೆಲ್ಲ ಎತ್ತೋದು ಬೇಡ" ಎಂದೆ.

ನಾನು ಹೌದೆನ್ನಲಿಲ್ಲ. ಆದರೆ ಅಲ್ಲಿದ್ದ ಒಬ್ಬರಿಗೂ ಅದು ಹೌದೆಂದಲ್ಲದೆ ಬೇರೆ ರೀತಿ ಕೇಳಿಸಲಿಲ್ಲ. ಅತ್ತಿಗೆಗೂ. ಅವರು ತಲೆಯಾಡಿಸಿ ಒಳಗೆ ಹೋದರು. ಎಂಥ ದೊಡ್ಡ ಮನಸ್ಸು, ಅತ್ತಿಗೆಯ ತಪ್ಪನ್ನು ಮುಚ್ಚುತ್ತಾನೆ ಎಂದು ಒಬ್ಬರು ಮೆಲ್ಲಗೆ ಅಂದದ್ದು ನನ್ನ ಕಿವಿಗೆ ಬಿತ್ತು.

ಅವತ್ತಿನಿಂದ ಅತ್ತಿಗೆ ಮಾಂಸ ಬಿಟ್ಟರು. ಅಮ್ಮ ಅವರ ಕೈಯ ನೀರು ಮುಟ್ಟಲಿಲ್ಲ. ವರ್ಷ ತುಂಬುವುದರೊಳಗೆ ಅವರ ತಮ್ಮ ಬಂದು ಶ್ರೀನಿವಾಸಪುರದ ತವರಿಗೆ ಕರೆದುಕೊಂಡು ಹೋದ. ಹೊರಡುವಾಗ ನಾನು ಅಲ್ಲಿರಲಿಲ್ಲ. ಆ ವಾರ ಬೇಕೆಂದೇ ಊರಿಗೆ ಹೋಗಿರಲಿಲ್ಲ.

ಎಂಬತ್ತರ ದಶಕದ ಕೊನೆಗೆ ಅಮ್ಮ ತೀರಿಕೊಂಡಳು. ಇನ್ನು ಯಾರ ಎದುರೂ ನಾಚಬೇಕಾಗಿಲ್ಲ ಎಂಬ ಧೈರ್ಯ ಬಂದ ಮೇಲೆ ಶ್ರೀನಿವಾಸಪುರಕ್ಕೆ ಹೋದೆ. ಧೈರ್ಯ ಎನ್ನುವ ಮಾತು ತಪ್ಪು. ಬೆಲೆ ಕೊಡಬೇಕಾಗಿಲ್ಲದ ಹೊತ್ತು ನೋಡಿಕೊಂಡು ಹೋದೆ. ಮಾವಿನ ಸುಗ್ಗಿ. ಅತ್ತಿಗೆ ತಮ್ಮನ ತೋಟದಲ್ಲಿ ಮರದ ಕೆಳಗೆ ಕೂತು ಹಣ್ಣು ಆರಿಸುತ್ತಿದ್ದರು. ಬಹಳ ಸಣ್ಣಗಾಗಿದ್ದರು, ಅಂಗೈ ಬಿಳಿಚಿತ್ತು. "ಬಾರಪ್ಪಾ" ಎಂದು ಗೋಣಿಚೀಲ ಕೊಡವಿ ಹಾಸಿದರು.

ಕೂತು ಎಲ್ಲವನ್ನೂ ಹೇಳಿದೆ. ಕೋಲಾರದ ಡಾಕ್ಟರು ಹೇಳಿದ್ದನ್ನು ಒಂದೂ ಬಿಡದೆ ಹೇಳಿದೆ. ಟೀಯ ಒಗರು ಮಾತ್ರೆಯನ್ನು ಹಿಡಿದುಕೊಂಡಿದ್ದು, ಅವರು ಕೊಟ್ಟ ಲಿವರು ನಿಂಬೆಹಣ್ಣೇ ಸರಿಯಾದ ಔಷಧಿಯಾಗಿದ್ದು, ಅದನ್ನು ನಾನು ನಾಯಿಗೆ ಹಾಕಿಸಿದ್ದು, ತಿಥಿಯ ದಿನ ಗೊತ್ತಿದ್ದೂ ಬಾಯಿ ಮುಚ್ಚಿಕೊಂಡದ್ದು. ಅವರು ಹಣ್ಣು ಆರಿಸುತ್ತಲೇ ಕೇಳಿದರು. ನಾನು ಮುಗಿಸಿದ ಮೇಲೆ ಕೈ ನಿಲ್ಲಿಸಿದರು.

"ಇಷ್ಟು ದೂರ ಇದನ್ನ ಹೇಳಾಕೆ ಬಂದ್ಯಾ?"

"ಹೂಂ ಅತ್ಗೆ."

"ನಿಮ್ಮಣ್ಣನೂ ಹಿಂಗೇ. ನಂಗೆ ನೋವಾಗ್ಬಾರ್ದು ಅಂತ ಏನಾರ ಒಂದು ಕಟ್ಟಿ ಹೇಳೋರು."

"ಕಟ್ಟಿ ಹೇಳ್ತಿಲ್ಲ. ಡಾಕ್ಟ್ರೇ ಹೇಳಿದ್ದು."

"ಟೀ ಕುಡಿದ್ರೆ ಯಾರಾನಾ ಸಾಯ್ತಾರೇನಪ್ಪಾ? ನೀನು ಕುಡೀತಿದ್ದೆ. ಊರೋರೆಲ್ಲ ಕುಡಿದ್ರು. ಕುಡಿದೋರೆಲ್ಲ ಗುಂಡುಕಲ್ಲಂಗವ್ರೆ." ಅವರು ನಕ್ಕರು, ನನ್ನನ್ನು ಸಮಾಧಾನ ಮಾಡುವವರ ಹಾಗೆ. "ಪತ್ಯ ಕೆಡ್ಸಿದ್ದು ಈ ಕೈ. ನಂಗೆ ಗೊತ್ತಿಲ್ವಾ. ನೀನು ಅವತ್ತೂ ನನ್ನ ಬಿಟ್ಟುಕೊಡ್ಲಿಲ್ಲ, ಇವತ್ತು ಪಾಪಾನೇ ನಿನ್ನ ತಲೆ ಮ್ಯಾಲೆ ಹಾಕ್ಕೊಳ್ಳಾಕೆ ಬಂದಿದ್ದೀಯ. ಬ್ಯಾಡಪ್ಪಾ. ಮಕ್ಕಳೊಂದಿಗ ನೀನು."

ಮತ್ತೆ ಹೇಳಿದೆ. ದೇವರ ಮೇಲೆ ಆಣೆ ಇಟ್ಟೆ. ಅವರು ಗಾಬರಿಯಾಗಿ ನನ್ನ ಬಾಯಿಗೆ ಕೈ ಅಡ್ಡ ಇಟ್ಟರು. "ಸುಳ್ಳಾಣೆ ಇಡಬ್ಯಾಡ" ಎಂದರು. ಮಾಂಸ, ಸೊಪ್ಪು ತಿನ್ನಿ, ನಿಮ್ಮ ಮೈಯಲ್ಲೂ ರಕ್ತವಿಲ್ಲ ಎಂದು ಬೇಡಿಕೊಂಡೆ. "ಆ ಚಪಲದಿಂದಾನೇ ಅಲ್ವಾ ಎಲ್ಲಾ ಆಗಿದ್ದು" ಎಂದರು.

ಹತ್ತು ವರ್ಷ ಒಂದು ಸುಳ್ಳನ್ನು ಹೊತ್ತವರಿಗೆ ಅದೇ ನಿಜವಾಗಿ ಹೋಗಿತ್ತು. ಅದನ್ನು ಕಿತ್ತುಕೊಳ್ಳುವ ಶಕ್ತಿ ನನ್ನ ಮಾತಿಗೆ ಇರಲಿಲ್ಲ. ಜಗಲಿಯ ಮೇಲೆ ಅವರು ಕೇಳಿದಾಗ ಇತ್ತು.

ಅವರು ಬಹಳ ವರ್ಷ ಬದುಕಲಿಲ್ಲ. ನಾನು ಮಣ್ಣಿಗೆ ಹೋದಾಗ ಅವರ ತಮ್ಮ ನನ್ನ ಕೈ ಹಿಡಿದುಕೊಂಡು ಅತ್ತ. "ಅಕ್ಕ ಸಾಯೋವರ್ಗೂ ನಿಮ್ಮ ವಿಷ್ಯಾನೇ ಹೇಳೋಳು. ಮೈದುನ ಅಂದ್ರೆ ಹಂಗಿರ್ಬೇಕು, ನನ್ನ ತಪ್ಪನ್ನೂ ತನ್ನದೇ ಅಂತ ಹೇಳಾಕೆ ಬಂದಿದ್ದ ಅನ್ನೋಳು" ಎಂದ. ನಾನು ಅವನಿಗೂ ನಿಜ ಹೇಳಲು ಬಾಯಿ ತೆರೆದೆ. ಅವನು ಸುತ್ತ ನಿಂತವರಿಗೆ, "ನೋಡಿ, ಈಗ್ಲೂ ಒಪ್ಕೊಳ್ಳಲ್ಲ" ಎಂದ.

ಆ ಮನೆಯವರು ಈಗಲೂ ಮದುವೆ ಮುಂಜಿಗೆ ತಪ್ಪದೆ ಕರೆಯುತ್ತಾರೆ. ಹೋದರೆ ಮೊದಲ ಪಂಕ್ತಿಯಲ್ಲಿ ಕೂರಿಸಿ, ಮಕ್ಕಳಿಂದ ಕಾಲಿಗೆ ನಮಸ್ಕಾರ ಮಾಡಿಸುತ್ತಾರೆ. ಬೇಡವೆಂದರೆ ಬಿಡುವುದಿಲ್ಲ.